ವಿಎಸ್ ಕೋಡ್‌ನಲ್ಲಿ ಪೈಥಾನ್ ಸ್ಕ್ರಿಪ್ಟ್ ಕೈಕೊಟ್ಟಾಗ: ತಪ್ಪು ಯಾರದ್ದು ಅಂತ ಮೊದಲು ಹುಡುಕಿ

ಪೈಥಾನ್ ಕಲಿಯಲು ಶುರು ಮಾಡಿದವರಿಂದ ನಾನು ಜಾಸ್ತಿ ಕೇಳುವ ಮಾತು "ವಿಎಸ್ ಕೋಡ್ ಕೆಟ್ಟುಹೋಗಿದೆ" ಅಂತ. ಕೂತು ನೋಡಿದರೆ ಎಡಿಟರ್ (ಕೋಡ್ ಬರೆಯುವ ಆ ಪ್ರೋಗ್ರಾಂ) ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಬೇರೇನೋ. ಆದರೆ ಅಷ್ಟರಲ್ಲಿ ಅವರು ಎಡಿಟರ್ ಅನ್ನು ಒಮ್ಮೆ ತೆಗೆದು ಹಾಕಿರುತ್ತಾರೆ, ಹೊಸದಾಗಿ ನಾಲ್ಕು ಎಕ್ಸ್‌ಟೆನ್ಶನ್ ಸೇರಿಸಿರುತ್ತಾರೆ, ಮೂಲ ತೊಂದರೆಯ ಮೇಲೆ ಇನ್ನೆರಡು ತೊಂದರೆ ಕೂತಿರುತ್ತವೆ.

ಇಲ್ಲಿ ನಾಲ್ಕು ಜನ ಕೆಲಸ ಮಾಡುತ್ತಿದ್ದಾರೆ ಅಂತ ತಿಳಿಯಿರಿ. ನೀವು ಬರೆದ ಸ್ಕ್ರಿಪ್ಟ್. ಅದನ್ನು ಓಡಿಸುವ ಪೈಥಾನ್. ಬರೆಯಲು ಕೊಟ್ಟ ಎಡಿಟರ್. ಎಡಿಟರ್‌ಗೆ ಬುದ್ಧಿ ಕೊಡುವ ಪ್ಲಗಿನ್‌ಗಳು (ವಿಎಸ್ ಕೋಡ್‌ನಲ್ಲಿ ಅವನ್ನು ಎಕ್ಸ್‌ಟೆನ್ಶನ್ ಅನ್ನುತ್ತಾರೆ). ಸಾಲಿನ ಕೆಳಗೆ ಕಾಣುವ ಕೆಂಪು, ಹಳದಿ ಅಲೆಗೆರೆ ಎಕ್ಸ್‌ಟೆನ್ಶನ್ ಹೇಳುವ ಮಾತು. ಸ್ಕ್ರಿಪ್ಟ್ ಓಡಿಸಿದ ಮೇಲೆ ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ) "ಟ್ರೇಸ್‌ಬ್ಯಾಕ್" ಅಂತ ಬರುವುದು ಪೈಥಾನ್ ಹೇಳುವ ಮಾತು. ಇವೆರಡನ್ನು ಬೇರೆ ಬೇರೆಯಾಗಿ ನೋಡಲು ಬಂದರೆ ಅರ್ಧ ಕೆಲಸ ಮುಗಿದಂತೆ.

ಇನ್ನೊಂದು ಮಾತು. ಮೆನು ಮತ್ತು ಕಮಾಂಡ್ ಹೆಸರುಗಳನ್ನು ಇಲ್ಲಿ ಓದುವಂತೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲೇ ಮಾಡಿ.

ಯಾವ ತೊಂದರೆ ಇದ್ದರೂ ಮೊದಲು ಇದು

ಎಡಿಟರ್ ಪಕ್ಕಕ್ಕಿಟ್ಟು ಸ್ಕ್ರಿಪ್ಟನ್ನು ಹೊರಗೆ ಓಡಿಸಿ ನೋಡಿ. ವಿಂಡೋಸ್‌ನಲ್ಲಾದರೆ ಆ ಫೋಲ್ಡರ್ ತೆರೆಯಿರಿ. ಮೇಲಿನ ಅಡ್ರೆಸ್ ಬಾರ್‌ನಲ್ಲಿ ಸಿಎಂಡಿ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಕಪ್ಪು ಕಿಟಕಿ ಅದೇ ಫೋಲ್ಡರ್‌ನಲ್ಲಿ ತೆರೆದುಕೊಳ್ಳುತ್ತದೆ. ಅಲ್ಲಿ ಪೈಥಾನ್, ಒಂದು ಸ್ಪೇಸ್, ಫೈಲಿನ ಹೆಸರು. ಅಷ್ಟೇ.

ಅಲ್ಲೂ ಅದೇ ಎರರ್ ಬಂತಾ? ಹಾಗಾದರೆ ತಪ್ಪು ಸ್ಕ್ರಿಪ್ಟ್‌ನಲ್ಲಿದೆ ಅಥವಾ ಪೈಥಾನ್‌ನಲ್ಲಿದೆ. ಎಕ್ಸ್‌ಟೆನ್ಶನ್ ಮುಟ್ಟಬೇಡಿ, ಅವುಗಳದ್ದೇನೂ ತಪ್ಪಿಲ್ಲ. ಅಲ್ಲಿ ಸರಿಯಾಗಿ ಓಡಿ, ವಿಎಸ್ ಕೋಡ್ ಒಳಗೆ ಮಾತ್ರ ಓಡದಿದ್ದರೆ ತಪ್ಪು ಎಡಿಟರ್ ಸೆಟ್ಟಿಂಗ್‌ನಲ್ಲೋ ಎಕ್ಸ್‌ಟೆನ್ಶನ್‌ನಲ್ಲೋ ಇದೆ.

ದಯವಿಟ್ಟು ಅನ್‌ಇನ್‌ಸ್ಟಾಲ್‌ನಿಂದ ಶುರು ಮಾಡಬೇಡಿ. ವಿಎಸ್ ಕೋಡ್‌ನ ಸೆಟ್ಟಿಂಗ್ ಮತ್ತು ಎಕ್ಸ್‌ಟೆನ್ಶನ್‌ಗಳು ನಿಮ್ಮ ಯೂಸರ್ ಫೋಲ್ಡರ್‌ನಲ್ಲಿ ಬೇರೆಯಾಗಿ ಕೂತಿರುತ್ತವೆ. ಎಡಿಟರ್ ತೆಗೆದರೂ ಅವು ಸಾಮಾನ್ಯವಾಗಿ ಹಾಗೇ ಉಳಿಯುತ್ತವೆ. ಮತ್ತೆ ಹಾಕಿದಾಗ ಹಳೇ ತೊಂದರೆಯೂ ಜೊತೆಗೇ ಬರುತ್ತದೆ. ಏನೇ ಬದಲಿಸುವ ಮುಂಚೆ ಪ್ರಾಜೆಕ್ಟ್ ಫೋಲ್ಡರ್‌ನ ಒಂದು ಕಾಪಿ ಬೇರೆ ಕಡೆ ಇಟ್ಟುಕೊಳ್ಳಿ.

"ಪೈಥಾನ್ ಸಿಗಲಿಲ್ಲ" ಅನ್ನುತ್ತದೆ, ಅಥವಾ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ

ವಿಂಡೋಸ್‌ನಲ್ಲಿ ಇದು ತುಂಬಾ ಸಾಮಾನ್ಯ. ಪೈಥಾನ್ ಎಲ್ಲಿದೆ ಅಂತ ವಿಂಡೋಸ್‌ಗೆ ಗೊತ್ತಿಲ್ಲ, ಅಷ್ಟೇ. ಕಪ್ಪು ಕಿಟಕಿಯಲ್ಲಿ ಪಿ, ವೈ ಅಂತ ಎರಡೇ ಅಕ್ಷರ ಒತ್ತಿ ಎಂಟರ್ ಕೊಡಿ. ಪೈಥಾನ್ ಶುರುವಾದರೆ ಅದು ಇನ್‌ಸ್ಟಾಲ್ ಆಗಿದೆ, ಪಾತ್‌ನಲ್ಲಿ (ಪ್ರೋಗ್ರಾಂಗಳನ್ನು ಎಲ್ಲೆಲ್ಲಿ ಹುಡುಕಬೇಕು ಅಂತ ವಿಂಡೋಸ್ ಇಟ್ಟುಕೊಂಡ ಪಟ್ಟಿ) ಸೇರಿಲ್ಲ ಅಂತ ಅರ್ಥ. ಇನ್‌ಸ್ಟಾಲರ್ ಅನ್ನು ಮತ್ತೆ ಓಡಿಸಿ, ಪಾತ್‌ಗೆ ಸೇರಿಸುವ ಚೌಕಕ್ಕೆ ಟಿಕ್ ಹಾಕಿ. ಸ್ಟೋರ್ ತೆರೆದುಕೊಳ್ಳುವುದು ನಿಲ್ಲದಿದ್ದರೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ "ಆಪ್ ಎಕ್ಸಿಕ್ಯೂಷನ್ ಏಲಿಯಸಸ್" ಹುಡುಕಿ, ಅಲ್ಲಿ ಪೈಥಾನ್ ಹೆಸರಿನ ಸ್ವಿಚ್‌ಗಳನ್ನು ಆಫ್ ಮಾಡಿ.

ಆಮೇಲೆ ವಿಎಸ್ ಕೋಡ್ ಅನ್ನು ಪೂರ್ತಿ ಮುಚ್ಚಿ ತೆರೆಯಲೇಬೇಕು. ಪಾತ್ ಅನ್ನು ಅದು ಶುರುವಾಗುವಾಗ ಓದಿಕೊಳ್ಳುತ್ತದೆ. ಇದೊಂದನ್ನು ಮರೆತು "ಎಲ್ಲಾ ಮಾಡಿದೆ, ಆದರೂ ಆಗ್ತಿಲ್ಲ" ಅನ್ನುವವರು ಬಹಳ ಜನ. ಉಬುಂಟುವಿನಲ್ಲಾದರೆ ಸುಮ್ನೆ ಪೈಥಾನ್3 ಅಂತ ಕೊಟ್ಟು ನೋಡಿ.

ಪಿಪ್‌ನಲ್ಲಿ ಹಾಕಿದ್ದೇನೆ, ಆದರೂ ಮಾಡ್ಯೂಲ್ ಇಲ್ಲ ಅನ್ನುತ್ತದೆ

ಇದಕ್ಕೆ ಸ್ವಲ್ಪ ಹೊತ್ತು ಕೊಡೋಣ. ಹೊಸಬರ ಸಮಯ ಜಾಸ್ತಿ ತಿನ್ನುವುದು ಇದೇ. ಪಿಪ್ ಅಂದರೆ ಪೈಥಾನ್‌ಗೆ ಮಾಡ್ಯೂಲ್‌ಗಳನ್ನು (ಬೇರೆಯವರು ಬರೆದಿಟ್ಟ ಕೋಡ್) ತಂದು ಹಾಕುವ ಸಾಧನ.

ಕಾರಣ ಸಾಮಾನ್ಯವಾಗಿ ಒಂದೇ: ನಿಮ್ಮ ಕಂಪ್ಯೂಟರ್‌ನಲ್ಲಿ ಒಂದಕ್ಕಿಂತ ಜಾಸ್ತಿ ಪೈಥಾನ್ ಇವೆ. ಸ್ಟೋರ್‌ನಿಂದ ಬಂದದ್ದೊಂದು, ವೆಬ್‌ಸೈಟ್‌ನಿಂದ ಇಳಿಸಿದ್ದೊಂದು, ಅನಕೊಂಡ (ಪೈಥಾನ್ ಜೊತೆಗೇ ಬರುವ ಪ್ಯಾಕೇಜ್‌ಗಳ ಕಟ್ಟು) ಹಾಕಿದ್ದರೆ ಅದರದ್ದೊಂದು, ಪ್ರಾಜೆಕ್ಟ್‌ಗೆ ಮಾಡಿದ ವರ್ಚುಯಲ್ ಎನ್ವಿರಾನ್ಮೆಂಟ್‌ನಲ್ಲಿ (ಆ ಪ್ರಾಜೆಕ್ಟ್‌ಗೆ ಮಾತ್ರ ಮೀಸಲಾದ ಪೈಥಾನ್ ಫೋಲ್ಡರ್) ಇನ್ನೊಂದು. ಪಿಪ್ ಒಂದು ಪೈಥಾನ್‌ಗೆ ಮಾಡ್ಯೂಲ್ ಹಾಕಿತು. ಎಡಿಟರ್ ಇನ್ನೊಂದರಲ್ಲಿ ಸ್ಕ್ರಿಪ್ಟ್ ಓಡಿಸಿತು. ಇಬ್ಬರೂ ಹೇಳುತ್ತಿರುವುದು ನಿಜವೇ.

ಮೊದಲು ಏನು ಕಾಣುತ್ತಿದೆ ಅಂತ ಸರಿಯಾಗಿ ನೋಡಿ. ಇಂಪೋರ್ಟ್ ಸಾಲಿನ ಕೆಳಗೆ ಹಳದಿ ಗೆರೆ ಇದೆ, "ಕುಡ್ ನಾಟ್ ಬಿ ರಿಸಾಲ್ವ್ಡ್" ಅನ್ನುತ್ತದೆ, ಆದರೆ ಓಡಿಸಿದರೆ ಓಡುತ್ತದೆ. ಹಾಗಿದ್ದರೆ ಆ ಗೆರೆ ಪೈಲಾನ್ಸ್ ಎಕ್ಸ್‌ಟೆನ್ಶನ್‌ದು. ಅದು ಬೇರೆ ಪೈಥಾನ್ ನೋಡುತ್ತಿದೆ. ಓಡಿಸಿದಾಗಲೂ "ಮಾಡ್ಯೂಲ್ ನಾಟ್ ಫೌಂಡ್ ಎರರ್" ಬಂದರೆ ಓಡುತ್ತಿರುವ ಪೈಥಾನ್‌ನಲ್ಲೇ ಮಾಡ್ಯೂಲ್ ಇಲ್ಲ.

ಯಾವ ಪೈಥಾನ್ ಓಡುತ್ತಿದೆ ಅಂತ ಅದನ್ನೇ ಕೇಳಿ. ಸ್ಕ್ರಿಪ್ಟ್‌ನ ಮೇಲ್ತುದಿಯಲ್ಲಿ ಸಿಸ್ ಮಾಡ್ಯೂಲ್ ಇಂಪೋರ್ಟ್ ಮಾಡಿ, ಮುಂದಿನ ಸಾಲಿನಲ್ಲಿ ಸಿಸ್ ಡಾಟ್ ಎಕ್ಸಿಕ್ಯೂಟಬಲ್ ಅನ್ನು ಪ್ರಿಂಟ್ ಮಾಡಿ. ಪೂರ್ತಿ ವಿಳಾಸ ಬರುತ್ತದೆ. ಒಮ್ಮೆ ಎಡಿಟರ್ ಒಳಗೆ ಓಡಿಸಿ, ಒಮ್ಮೆ ಹೊರಗೆ ಓಡಿಸಿ. ಎರಡು ವಿಳಾಸ ಬೇರೆ ಬೇರೆ ಇದ್ದರೆ ಕಳ್ಳ ಸಿಕ್ಕಿದ.

ಸರಿಪಡಿಸುವುದು ಸುಲಭ. ಕಂಟ್ರೋಲ್, ಶಿಫ್ಟ್, ಪಿ ಒಟ್ಟಿಗೆ ಒತ್ತಿ. ಮೇಲೆ ತೆರೆಯುವ ಕಮಾಂಡ್ ಪ್ಯಾಲೆಟ್‌ನಲ್ಲಿ "ಪೈಥಾನ್: ಸೆಲೆಕ್ಟ್ ಇಂಟರ್‌ಪ್ರಿಟರ್" ಆರಿಸಿ, ನಿಮಗೆ ಬೇಕಾದ ಪೈಥಾನ್ ಮೇಲೆ ಒತ್ತಿ. ಪೈಥಾನ್ ಫೈಲ್ ತೆರೆದಿರುವಾಗ ಕೆಳಗಿನ ಸ್ಟೇಟಸ್ ಬಾರ್‌ನ ಬಲಗಡೆ ಆ ವರ್ಷನ್ ಕಾಣುತ್ತದೆ. ತೆರೆದಿದ್ದ ಟರ್ಮಿನಲ್ ಮುಚ್ಚಿ ಹೊಸದು ತೆರೆಯಿರಿ. ಮಾಡ್ಯೂಲ್ ಹಾಕುವಾಗ ಬರೀ ಪಿಪ್ ಅನ್ನಬೇಡಿ. ಪೈಥಾನ್, ಹೈಫನ್ ಎಂ, ಪಿಪ್, ಇನ್‌ಸ್ಟಾಲ್ ಅಂತ ಕೊಡಿ. ಆಗ ಯಾವ ಪೈಥಾನ್ ಕರೆದಿರೋ ಅದಕ್ಕೇ ಹೋಗುತ್ತದೆ.

ಇಷ್ಟಾದರೂ ಸಿಗಲಿಲ್ಲ ಅಂದರೆ ಇನ್ನೆರಡು ನೋಡಿ. ಒಂದು, ಹಾಕುವ ಹೆಸರು, ಕರೆಯುವ ಹೆಸರು ಬೇರೆ ಇರಬಹುದು. ಪಿಲ್ಲೋ ಹಾಕಿದರೆ ಇಂಪೋರ್ಟ್ ಮಾಡುವುದು ಪಿಐಎಲ್. ಓಪನ್‌ಸಿವಿ-ಪೈಥಾನ್ ಹಾಕಿದರೆ ಸಿವಿ2. ಎರಡು, ನಿಮ್ಮ ಫೈಲಿಗೇ ಆ ಮಾಡ್ಯೂಲ್‌ನ ಹೆಸರಿಟ್ಟಿರಬಹುದು. ರ್‍ಯಾಂಡಮ್ ಮಾಡ್ಯೂಲ್ ಕಲಿಯಲು ಫೈಲಿಗೆ ರ್‍ಯಾಂಡಮ್ ಅಂತಲೇ ಹೆಸರಿಟ್ಟರೆ ಪೈಥಾನ್ ತನ್ನದನ್ನು ಬಿಟ್ಟು ನಿಮ್ಮ ಫೈಲನ್ನೇ ಇಂಪೋರ್ಟ್ ಮಾಡುತ್ತದೆ. ಟರ್ಟಲ್‌ನಲ್ಲೂ ಇದೇ ಕಥೆ. ಫೈಲ್ ಹೆಸರು ಬದಲಿಸಿ. ಪೈಥಾನ್ 3.13ರಿಂದ ಈ ತಪ್ಪನ್ನು ಎರರ್ ಸಂದೇಶವೇ ಬಿಡಿಸಿ ಹೇಳುತ್ತದೆ, ಒಳ್ಳೆಯದಾಯಿತು.

ಎಚ್ಚರಿಕೆ: ಉಬುಂಟು 23.04, ಡೆಬಿಯನ್ 12 ಅಥವಾ ಅದಕ್ಕಿಂತ ಹೊಸದರಲ್ಲಿ ಪಿಪ್ "ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್ಮೆಂಟ್" ಅಂತ ತಡೆಯುತ್ತದೆ. ಅದು ದೋಷ ಅಲ್ಲ. ಸಿಸ್ಟಮ್ ಬಳಸುವ ಪೈಥಾನನ್ನು ನೀವು ಹಾಳುಮಾಡದಂತೆ ಇಟ್ಟ ಬೇಲಿ. ಅದನ್ನು ಮುರಿಯುವ ಆಯ್ಕೆ ಆ ಸಂದೇಶದಲ್ಲೇ ಇರುತ್ತದೆ, ಆದರೆ ಬಳಸಬೇಡಿ. ಸುಡೋ (ಅಡ್ಮಿನ್ ಅಧಿಕಾರ ಕೊಡುವ ಕಮಾಂಡ್) ಹಾಕಿ ಪಿಪ್ ಓಡಿಸುವುದೂ ಬೇಡ. ಕಮಾಂಡ್ ಪ್ಯಾಲೆಟ್‌ನಲ್ಲಿ "ಪೈಥಾನ್: ಕ್ರಿಯೇಟ್ ಎನ್ವಿರಾನ್ಮೆಂಟ್" ಕೊಟ್ಟು ಪ್ರಾಜೆಕ್ಟ್‌ಗೆ ಅಂತಲೇ ಒಂದು ಎನ್ವಿರಾನ್ಮೆಂಟ್ ಮಾಡಿಕೊಳ್ಳಿ.

ಎನ್ವಿರಾನ್ಮೆಂಟ್ ಮಾಡಿದೆ, ಟರ್ಮಿನಲ್ ಕೆಂಪಗಾಯಿತು

ವಿಂಡೋಸ್ ಪವರ್‌ಶೆಲ್‌ನಲ್ಲಿ (ಟರ್ಮಿನಲ್ ಒಳಗೆ ಓಡುವ ಕಮಾಂಡ್ ಪ್ರೋಗ್ರಾಂ) "ರನ್ನಿಂಗ್ ಸ್ಕ್ರಿಪ್ಟ್ಸ್ ಈಸ್ ಡಿಸೇಬಲ್ಡ್ ಆನ್ ದಿಸ್ ಸಿಸ್ಟಮ್" ಅಂತ ಬಂದರೆ ಪೈಥಾನ್‌ಗೂ ಇದಕ್ಕೂ ಸಂಬಂಧ ಇಲ್ಲ. ಪವರ್‌ಶೆಲ್ ಸ್ಕ್ರಿಪ್ಟ್ ಓಡಿಸಬಾರದು ಅಂತ ವಿಂಡೋಸ್ ತಡೆದಿದೆ. ಏನನ್ನೂ ಬದಲಿಸದೆ ದಾಟುವ ದಾರಿ ಇದೆ: ಟರ್ಮಿನಲ್‌ನ ಪ್ಲಸ್ ಗುರುತಿನ ಪಕ್ಕದ ಬಾಣ ಒತ್ತಿ, ಪವರ್‌ಶೆಲ್ ಬದಲು ಕಮಾಂಡ್ ಪ್ರಾಂಪ್ಟ್ ಆರಿಸಿ. ಪವರ್‌ಶೆಲ್ಲೇ ಬೇಕು ಅಂದರೆ ಎಕ್ಸಿಕ್ಯೂಷನ್ ಪಾಲಿಸಿಯನ್ನು (ಯಾವ ಸ್ಕ್ರಿಪ್ಟ್ ಓಡಬಹುದು ಅನ್ನುವ ನಿಯಮ) ನಿಮ್ಮೊಬ್ಬರ ಅಕೌಂಟ್‌ಗೆ ಮಾತ್ರ "ರಿಮೋಟ್‌ಸೈನ್ಡ್"ಗೆ ಬದಲಿಸಬಹುದು. "ಅನ್‌ರಿಸ್ಟ್ರಿಕ್ಟೆಡ್" ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಕಾಲೇಜಿನ ಅಥವಾ ಆಫೀಸಿನ ಕಂಪ್ಯೂಟರ್ ಆದರೆ ಮುಟ್ಟದೆ ಅಲ್ಲಿನ ಸಿಸ್ಟಮ್ ಅಡ್ಮಿನ್‌ಗೆ ಹೇಳಿ.

ಡೇಟಾ ಫೈಲ್ ಪಕ್ಕದಲ್ಲೇ ಇದೆ, ಆದರೂ "ಫೈಲ್ ನಾಟ್ ಫೌಂಡ್"

ಪೈಥಾನ್ ಫೈಲನ್ನು ಹುಡುಕುವುದು ಸ್ಕ್ರಿಪ್ಟ್ ಇರುವ ಜಾಗದಲ್ಲಲ್ಲ, ಟರ್ಮಿನಲ್ ನಿಂತಿರುವ ಫೋಲ್ಡರ್‌ನಲ್ಲಿ. ವಿಎಸ್ ಕೋಡ್‌ನ ಟರ್ಮಿನಲ್ ನೀವು ತೆರೆದ ಫೋಲ್ಡರ್‌ನಲ್ಲಿ ನಿಲ್ಲುತ್ತದೆ. ಮೇಲಿನ ಫೋಲ್ಡರ್ ತೆರೆದು ಒಳಗಿನ ಫೋಲ್ಡರ್‌ನ ಸ್ಕ್ರಿಪ್ಟ್ ಓಡಿಸಿದರೆ ಹೀಗಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ "ಎಕ್ಸಿಕ್ಯೂಟ್ ಇನ್ ಫೈಲ್ ಡೈರ್" ಅಂತ ಹುಡುಕಿ ಟಿಕ್ ಹಾಕಿದರೆ ಸ್ಕ್ರಿಪ್ಟ್ ಇರುವಲ್ಲೇ ಓಡುತ್ತದೆ. ಸ್ಕ್ರಿಪ್ಟನ್ನು ಬೇರೆಯವರಿಗೂ ಕೊಡುವುದಾದರೆ ಪೈಥಾನ್‌ನ ಪಾತ್‌ಲಿಬ್ ಮಾಡ್ಯೂಲ್ ಬಳಸಿ, ಸ್ಕ್ರಿಪ್ಟ್‌ನ ಜಾಗದಿಂದಲೇ ವಿಳಾಸ ಕಟ್ಟುವುದು ಗಟ್ಟಿ ದಾರಿ.

ಬಣ್ಣ ಇಲ್ಲ, ಸಲಹೆ ಬರುತ್ತಿಲ್ಲ, ಬರೀ ಬಿಳಿ ಅಕ್ಷರ

ಕೆಳಗೆ ಬಲಗಡೆ ಏನು ಬರೆದಿದೆ ನೋಡಿ. "ಪ್ಲೇನ್ ಟೆಕ್ಸ್ಟ್" ಅಂತಿದ್ದರೆ ಫೈಲ್ ಹೆಸರಿನ ಕೊನೆ ತಪ್ಪಿದೆ. ನೋಟ್‌ಪ್ಯಾಡ್‌ನಲ್ಲಿ ಸೇವ್ ಮಾಡಿದ ಫೈಲುಗಳಿಗೆ ಡಾಟ್ ಪಿವೈ ಆದಮೇಲೆ ಡಾಟ್ ಟಿಎಕ್ಸ್‌ಟಿ ಅಂಟಿಕೊಂಡಿರಬಹುದು, ವಿಂಡೋಸ್ ಅದನ್ನು ಬಚ್ಚಿಟ್ಟಿರುತ್ತದೆ.

ಕೆಳಗೆ ಎಡಗಡೆ "ರಿಸ್ಟ್ರಿಕ್ಟೆಡ್ ಮೋಡ್" ಅಂತಿದ್ದರೆ ಆ ಫೋಲ್ಡರನ್ನು ನಂಬುತ್ತೇನೆ ಅಂತ ನೀವಿನ್ನೂ ಹೇಳಿಲ್ಲ. ಆಗ ಎಷ್ಟೋ ಎಕ್ಸ್‌ಟೆನ್ಶನ್ ಪೂರ್ತಿ ಕೆಲಸ ಮಾಡುವುದಿಲ್ಲ. 2021ರಲ್ಲಿ ಬಂದ ಈ ಕಾವಲು ಬಹಳ ಒಳ್ಳೆಯದು. ನೀವೇ ಬರೆದ ಫೋಲ್ಡರ್ ಆದರೆ ಟ್ರಸ್ಟ್ ಕೊಡಿ. ಎಲ್ಲಿಂದಲೋ ಇಳಿಸಿದ ಜಿಪ್ ಫೈಲ್ ಆದರೆ ಕೋಡ್ ಓದದೆ ಕೊಡಬೇಡಿ. ಫೋಲ್ಡರ್ ಒಳಗಿನ ಸೆಟ್ಟಿಂಗ್ ಫೈಲುಗಳಿಂದಲೂ ನಿಮ್ಮ ಕಂಪ್ಯೂಟರ್‌ನಲ್ಲಿ ಕಮಾಂಡ್ ಓಡಿಸಲು ಸಾಧ್ಯ.

ಎರಡೂ ಸರಿ ಇದ್ದರೆ ಕಮಾಂಡ್ ಪ್ಯಾಲೆಟ್‌ನಲ್ಲಿ "ಡೆವಲಪರ್: ರಿಲೋಡ್ ವಿಂಡೋ" ಕೊಡಿ. ಆಗಲೂ ಸಲಹೆ ಬರದಿದ್ದರೆ ವ್ಯೂ ಮೆನುವಿನಲ್ಲಿ ಔಟ್‌ಪುಟ್ ತೆರೆದು, ಬಲಗಡೆಯ ಪಟ್ಟಿಯಲ್ಲಿ ಪೈಥಾನ್ ಲ್ಯಾಂಗ್ವೇಜ್ ಸರ್ವರ್ ಆರಿಸಿ ಕೊನೆಯ ಸಾಲುಗಳನ್ನು ಓದಿ. ಎಕ್ಸ್‌ಟೆನ್ಶನ್ ತನ್ನ ಕಷ್ಟ ಹೇಳಿಕೊಳ್ಳುವುದು ಅಲ್ಲೇ. ನೀವು ಬಳಸುತ್ತಿರುವುದು ವಿಎಸ್‌ಕೋಡಿಯಮ್ (ವಿಎಸ್ ಕೋಡ್‌ನ ಓಪನ್ ಸೋರ್ಸ್ ಕೋಡ್‌ನಿಂದ ಬೇರೆಯವರು ಕಟ್ಟಿದ ಎಡಿಟರ್) ಆದರೆ ಪೈಲಾನ್ಸ್ ಹುಡುಕಬೇಡಿ. ಅದರ ಲೈಸೆನ್ಸ್ ಮೈಕ್ರೋಸಾಫ್ಟ್‌ನ ಎಡಿಟರ್‌ಗಳಿಗೆ ಮಾತ್ರ.

"ಇನ್‌ವ್ಯಾಲಿಡ್ ಕ್ಯಾರೆಕ್ಟರ್", ಅಥವಾ ಕನ್ನಡ ಬರುವಲ್ಲಿ ಎಡವಟ್ಟು

ನಮ್ಮವರಿಗೆ ಈ ಭಾಗ ಜಾಸ್ತಿ ಬೇಕಾಗುತ್ತದೆ.

ವಾಟ್ಸಾಪ್, ಪಿಡಿಎಫ್ ಅಥವಾ ವರ್ಡ್‌ನಿಂದ ಕೋಡ್ ಕಾಪಿ ಮಾಡಿದಾಗ ಉದ್ಧರಣ ಚಿಹ್ನೆಗಳು ಬಾಗಿರಬಹುದು. ಪೈಥಾನ್‌ಗೆ ನೇರವಾದವೇ ಬೇಕು. ಎರರ್ ಬಂದ ಸಾಲಿನ ಚಿಹ್ನೆಗಳನ್ನು ಅಳಿಸಿ ಕೈಯಿಂದ ಮತ್ತೆ ಟೈಪ್ ಮಾಡಿ. "ನಾನ್ ಪ್ರಿಂಟಬಲ್ ಕ್ಯಾರೆಕ್ಟರ್ ಯು+00ಎ0" ಅಂತ ಬಂದರೆ ಅದು ಸ್ಪೇಸ್‌ನಂತೆಯೇ ಕಾಣುವ, ಆದರೆ ಸ್ಪೇಸ್ ಅಲ್ಲದ ಅಕ್ಷರ. ಸಾಲಿನ ಆರಂಭದ ಖಾಲಿ ಜಾಗವನ್ನೆಲ್ಲ ಅಳಿಸಿ ಹೊಸದಾಗಿ ಸ್ಪೇಸ್ ಕೊಡಿ. ಹೀಗೆ ಅನುಮಾನ ಬರುವ ಅಕ್ಷರಗಳ ಸುತ್ತ ವಿಎಸ್ ಕೋಡ್ ಒಂದು ಚೌಕ ಹಾಕಿ ತೋರಿಸುತ್ತದೆ, ಅದನ್ನು ಕಡೆಗಣಿಸಬೇಡಿ.

ಆದರೆ ಕಾಣದ ಅಕ್ಷರಗಳನ್ನೆಲ್ಲ ಒಟ್ಟಿಗೆ ಹುಡುಕಿ ಅಳಿಸುವ ಕೆಲಸ ಮಾಡಬೇಡಿ. "ಡಾಕ್ಟರ್‌ಗೆ" ಅಂತ ಬರೆದಾಗ ರ್ ಮತ್ತು ಗೆ ನಡುವೆ ಒಂದು ಕಾಣದ ಅಕ್ಷರ ಕೂತಿರುತ್ತದೆ. ಅದನ್ನು ತೆಗೆದರೆ "ಡಾಕ್ಟರ್ಗೆ" ಆಗಿ ಅರ್ಕಾವತ್ತು ಬಂದುಬಿಡುತ್ತದೆ. ಕನ್ನಡ ಪದಗಳಿಗೆ ಅದು ಬೇಕು. ಇನ್ನೊಂದು ಕಡೆ ಇದೇ ಅಕ್ಷರ ಕಾಟ ಕೊಡುತ್ತದೆ: ಎರಡು ಹೆಸರು ಒಂದೇ ಥರ ಕಂಡರೂ ಒಂದರಲ್ಲಿ ಅದಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಪೈಥಾನ್ ಎರಡನ್ನೂ ಬೇರೆ ಅನ್ನುತ್ತದೆ. ಎರಡರ ಉದ್ದವನ್ನು ಲೆನ್ ಫಂಕ್ಷನ್‌ನಿಂದ ಅಳೆದರೆ ವ್ಯತ್ಯಾಸ ಹೊರಗೆ ಬರುತ್ತದೆ.

ಕನ್ನಡ ಕೀಬೋರ್ಡ್ ಆನ್ ಇರುವಾಗಲೇ ಕೋಡ್‌ಗೆ ಮರಳಿದರೆ ಅಂಕಿಗಳು ಕನ್ನಡದಲ್ಲಿ ಬಿದ್ದಿರಬಹುದು. ಕೋಡ್‌ನಲ್ಲಿ ನೇರವಾಗಿ ೧೨ ಅಂತ ಬರೆದರೆ ಪೈಥಾನ್ ಒಪ್ಪುವುದಿಲ್ಲ. ಆದರೆ ಅದೇ ೧೨ ಅನ್ನು ಸ್ಟ್ರಿಂಗ್ ಆಗಿ ಇಂಟ್ ಫಂಕ್ಷನ್‌ಗೆ ಕೊಟ್ಟರೆ ಹನ್ನೆರಡು ಅಂತ ಓದಿಕೊಳ್ಳುತ್ತದೆ! ಕನ್ನಡ ಅಂಕಿ ಇರುವ ದಾಖಲೆಗಳ ಮೇಲೆ ಕೆಲಸ ಮಾಡುವವರಿಗೆ ಇದು ದೊಡ್ಡ ಉಪಕಾರ.

ತೆರೆದ ಫೈಲಿನಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ ಅದು ಹಳೆಯ ನುಡಿ ಅಥವಾ ಬರಹ ತಂತ್ರಾಂಶದಲ್ಲಿ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ ಪಠ್ಯ ಇರಬೇಕು. ಯಾವ ಎಕ್ಸ್‌ಟೆನ್ಶನ್ ಹಾಕಿದರೂ, ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಬರೆದಿಡುವ ಸಂಕೇತ ಪದ್ಧತಿ) ಹೇಗೆ ಬದಲಿಸಿದರೂ ಅದು ಸರಿಹೋಗುವುದಿಲ್ಲ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಸ್ಕ್ರಿಪ್ಟ್‌ಗೆ ಕೊಡಿ.

ಕೊನೆಯದು, ವಿಂಡೋಸ್‌ನಲ್ಲಿ ಫೈಲ್ ಓದುವಾಗ, ಬರೆಯುವಾಗ "ಚಾರ್‌ಮ್ಯಾಪ್ ಕೋಡೆಕ್" ಅಂತ ಬರುವ ಎರರ್. ಓಪನ್ ಫಂಕ್ಷನ್‌ಗೆ ಎನ್‌ಕೋಡಿಂಗ್ ಯುಟಿಎಫ್-8 ಅಂತ ನೀವಾಗಿ ಹೇಳಿ. ಎಕ್ಸೆಲ್‌ನಿಂದ ಬಂದ ಸಿಎಸ್‌ವಿ ಆಗಿದ್ದು ಮೊದಲ ಕಾಲಂ ಹೆಸರಿನ ಮುಂದೆ ವಿಚಿತ್ರ ಗುರುತು ಕಂಡರೆ ಯುಟಿಎಫ್-8-ಸಿಗ್ ಅಂತ ಕೊಡಿ.

ಸಾಲುಗಳು ಸರಿಯಾಗಿ ಕಾಣುತ್ತವೆ, ಇಂಡೆಂಟೇಶನ್ ಎರರ್ ಬರುತ್ತದೆ

ಟ್ಯಾಬ್ ಮತ್ತು ಸ್ಪೇಸ್ ಬೆರೆತಿವೆ. ಕಮಾಂಡ್ ಪ್ಯಾಲೆಟ್‌ನಲ್ಲಿ "ಕನ್ವರ್ಟ್ ಇಂಡೆಂಟೇಶನ್ ಟು ಸ್ಪೇಸಸ್" ಕೊಡಿ, ಬಗೆಹರಿಯುತ್ತದೆ. ಇದೇ ಥರದ ಇನ್ನೊಂದು: ವಿಂಡೋಸ್‌ನಲ್ಲಿ ಬರೆದ ಶೆಲ್ ಸ್ಕ್ರಿಪ್ಟ್ ಲಿನಕ್ಸ್‌ನಲ್ಲಿ "ಬ್ಯಾಡ್ ಇಂಟರ್‌ಪ್ರಿಟರ್" ಅಂದರೆ ಸಾಲಿನ ಕೊನೆಯ ಗುರುತು ವಿಂಡೋಸ್‌ದು. ಸ್ಟೇಟಸ್ ಬಾರ್‌ನಲ್ಲಿ ಸಿಆರ್‌ಎಲ್‌ಎಫ್ ಮೇಲೆ ಒತ್ತಿ ಎಲ್‌ಎಫ್ ಮಾಡಿ ಸೇವ್ ಮಾಡಿ.

ಸೇವ್ ಮಾಡಿದ ಕೂಡಲೇ ಕೋಡ್ ತಾನಾಗಿ ಬದಲಾಗುತ್ತದೆ

"ಫಾರ್ಮ್ಯಾಟ್ ಆನ್ ಸೇವ್" ಆನ್ ಇದೆ. ಒಂದೇ ಭಾಷೆಗೆ ಎರಡು ಫಾರ್ಮ್ಯಾಟರ್ (ಕೋಡನ್ನು ಒಪ್ಪವಾಗಿ ಜೋಡಿಸುವ ಎಕ್ಸ್‌ಟೆನ್ಶನ್) ಇದ್ದರೆ ಯಾವುದು ಬೇಕು ಅಂತ ಎಡಿಟರ್ ಕೇಳುತ್ತದೆ, ಒಂದನ್ನು ಆರಿಸಿ, ಇನ್ನೊಂದನ್ನು ತೆಗೆಯಿರಿ. ಬದಲಾವಣೆಯಿಂದ ಕೋಡ್ ಹಾಳಾಗಿದ್ದರೆ ಗಾಬರಿ ಬೇಡ. ಎಡಗಡೆಯ ಎಕ್ಸ್‌ಪ್ಲೋರರ್‌ನ ಕೆಳಗೆ ಟೈಮ್‌ಲೈನ್ ಇದೆ, ಹಿಂದೆ ಸೇವ್ ಮಾಡಿದ ಪ್ರತಿಗಳು ಅಲ್ಲಿ ಸಿಗುತ್ತವೆ.

ಎಡಿಟರ್ ನಿಧಾನ, ಫ್ಯಾನ್ ಕೂಗುತ್ತಿದೆ

ಮೊದಲು ನಿಮ್ಮ ಸ್ಕ್ರಿಪ್ಟೇ ಕೊನೆಯಿಲ್ಲದ ಲೂಪ್‌ನಲ್ಲಿ ಸುತ್ತುತ್ತಿದೆಯಾ ನೋಡಿ. ಟರ್ಮಿನಲ್ ಮೇಲೆ ಒತ್ತಿ ಕಂಟ್ರೋಲ್, ಸಿ ಕೊಡಿ. ಫ್ಯಾನ್ ತಣ್ಣಗಾದರೆ ಎಡಿಟರ್ ನಿರಪರಾಧಿ.

ಇಲ್ಲದಿದ್ದರೆ ಹೆಲ್ಪ್ ಮೆನುವಿನಲ್ಲಿ ಪ್ರೋಸೆಸ್ ಎಕ್ಸ್‌ಪ್ಲೋರರ್ ತೆರೆಯಿರಿ. ಯಾರು ಎಷ್ಟು ಸಿಪಿಯು, ಮೆಮೊರಿ ತಿನ್ನುತ್ತಿದ್ದಾರೆ ಅಂತ ಕಾಣುತ್ತದೆ. "ಎಕ್ಸ್‌ಟೆನ್ಶನ್ ಹೋಸ್ಟ್" ಅನ್ನುವ ಸಾಲು ಮೇಲಿದ್ದರೆ ತಪ್ಪು ಎಕ್ಸ್‌ಟೆನ್ಶನ್‌ಗಳಲ್ಲಿದೆ. "ಡೆವಲಪರ್: ಶೋ ರನ್ನಿಂಗ್ ಎಕ್ಸ್‌ಟೆನ್ಶನ್ಸ್" ಕೊಟ್ಟರೆ ಯಾವುದು ಶುರುವಾಗಲು ಎಷ್ಟು ಮಿಲಿಸೆಕೆಂಡ್ ತೆಗೆದುಕೊಂಡಿತು ಅಂತಲೂ ತಿಳಿಯುತ್ತದೆ.

ಅದರಿಂದಲೂ ಗೊತ್ತಾಗದಿದ್ದರೆ ವಿಎಸ್ ಕೋಡ್‌ನಲ್ಲಿ ನನಗೆ ಬಹಳ ಇಷ್ಟವಾದ ಸಾಧನ ಒಂದಿದೆ: "ಹೆಲ್ಪ್: ಸ್ಟಾರ್ಟ್ ಎಕ್ಸ್‌ಟೆನ್ಶನ್ ಬೈಸೆಕ್ಟ್". ಅದು ಅರ್ಧ ಎಕ್ಸ್‌ಟೆನ್ಶನ್ ಆಫ್ ಮಾಡಿ, ತೊಂದರೆ ಇನ್ನೂ ಇದೆಯಾ ಅಂತ ಕೇಳುತ್ತದೆ. ನೀವು ಹೇಳಿದ ಉತ್ತರದ ಮೇಲೆ ಉಳಿದದ್ದನ್ನು ಮತ್ತೆ ಅರ್ಧ ಮಾಡುತ್ತದೆ. 32 ಎಕ್ಸ್‌ಟೆನ್ಶನ್ ಇದ್ದರೂ ಹೆಚ್ಚುಕಡಿಮೆ 5 ಸುತ್ತಿನಲ್ಲಿ ಒಂದರ ಮೇಲೆ ಬೆರಳಿಡುತ್ತದೆ. ಒಂದೊಂದಾಗಿ ಆಫ್ ಮಾಡಿ ನೋಡುತ್ತಾ ಕೂತರೆ ಮಧ್ಯಾಹ್ನ ಪೂರ್ತಿ ಹೋಗುತ್ತದೆ. ಪ್ರತಿ ಸುತ್ತಿನಲ್ಲೂ ತೊಂದರೆ ಬರುವಂಥ ಕೆಲಸವನ್ನೇ ಮಾಡಿ ನೋಡಿ, ಅಂದಾಜಿನಲ್ಲಿ ಉತ್ತರ ಕೊಡಬೇಡಿ. ಒಂದು ತಪ್ಪು ಉತ್ತರ ಕೊಟ್ಟರೂ ಬೇರೆಯದರ ಮೇಲೆ ಅಪವಾದ ಬರುತ್ತದೆ. ಸಿಕ್ಕ ಎಕ್ಸ್‌ಟೆನ್ಶನ್ ನಿಮಗೆ ಬೇಕೇ ಬೇಕು ಅಂದರೆ ಅದರ ಗೇರ್ ಗುರುತು ಒತ್ತಿ ಹಿಂದಿನ ವರ್ಷನ್ ಹಾಕಿ ನೋಡಿ. ಅಪ್‌ಡೇಟ್ ಆದ ಮರುದಿನ ಶುರುವಾದ ತೊಂದರೆಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಎಲ್ಲ ಎಕ್ಸ್‌ಟೆನ್ಶನ್ ಆಫ್ ಆದಾಗಲೂ ನಿಧಾನ ಇದ್ದರೆ ತೆರೆದ ಫೋಲ್ಡರ್ ತುಂಬಾ ದೊಡ್ಡದಿರಬಹುದು. ಪೂರ್ತಿ ಡೆಸ್ಕ್‌ಟಾಪ್ ಅಥವಾ ಡೌನ್‌ಲೋಡ್ಸ್ ತೆರೆಯುವ ಬದಲು ಪ್ರಾಜೆಕ್ಟ್ ಫೋಲ್ಡರ್ ಮಾತ್ರ ತೆರೆಯಿರಿ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಎಕ್ಸ್‌ಟೆನ್ಶನ್ ಎಂದರೆ ನಿಮ್ಮ ಹೆಸರಿನಲ್ಲಿ ಓಡುವ ಪ್ರೋಗ್ರಾಂ. ನೀವು ಓದಬಹುದಾದ ಯಾವ ಫೈಲನ್ನೂ ಅದು ಓದಬಲ್ಲದು. ಆದ್ದರಿಂದ ಹೆಸರು ಒಂದಕ್ಷರ ಬೇರೆ ಇರುವ ನಕಲಿ ಎಕ್ಸ್‌ಟೆನ್ಶನ್‌ಗಳ ಬಗ್ಗೆ ಎಚ್ಚರ ಇರಲಿ, ಪ್ರಕಟಿಸಿದವರ ಹೆಸರು ನೋಡಿ ಹಾಕಿ. ಎಕ್ಸ್‌ಟೆನ್ಶನ್ ಕೆಲಸ ಮಾಡಲು ಆಂಟಿವೈರಸ್ ಆಫ್ ಮಾಡಿ, ಎಡಿಟರನ್ನು ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ ಅಂತ ಎಲ್ಲಾದರೂ ಓದಿದರೆ ಅಲ್ಲಿಗೇ ನಿಲ್ಲಿಸಿ. ಅಪಾಯಕಾರಿ ಅಂತ ತೆಗೆದುಹಾಕಲಾದ ಎಕ್ಸ್‌ಟೆನ್ಶನ್ ನಿಮ್ಮಲ್ಲಿತ್ತು ಅಂತ ಗೊತ್ತಾದರೆ ನೆಟ್ ಕಡಿದು, ಬೇರೆ ಕಂಪ್ಯೂಟರ್‌ನಿಂದ ನಿಮ್ಮ ಪಾಸ್‌ವರ್ಡ್ ಮತ್ತು ಎಪಿಐ ಕೀಗಳನ್ನು (ಆನ್‌ಲೈನ್ ಸೇವೆ ಬಳಸಲು ಕೊಟ್ಟ ಗುಟ್ಟಿನ ಸಂಕೇತ) ಬದಲಿಸಿ. ಆಫೀಸ್ ಕಂಪ್ಯೂಟರ್ ಆದರೆ ಐಟಿಯವರಿಗೆ ತಕ್ಷಣ ತಿಳಿಸಿ.

ಬೈಸೆಕ್ಟ್ ಒಂದೇ ಎಕ್ಸ್‌ಟೆನ್ಶನ್‌ನತ್ತ ಬೆರಳು ತೋರಿಸಿ, ಹಳೇ ವರ್ಷನ್‌ನಲ್ಲೂ ತೊಂದರೆ ಹೋಗದಿದ್ದರೆ ನಿಮ್ಮ ಕೈಲಿ ಮಾಡುವಂಥದ್ದು ಮುಗಿಯಿತು. ಅದನ್ನು ಬರೆದವರಿಗೆ ತಿಳಿಸಿ. ಹೆಲ್ಪ್ ಮೆನುವಿನ "ರಿಪೋರ್ಟ್ ಇಶ್ಯೂ" ಆ ಎಕ್ಸ್‌ಟೆನ್ಶನ್‌ನ ಹೆಸರು ಆರಿಸಲು ಬಿಡುತ್ತದೆ, ವರ್ಷನ್ ವಿವರಗಳನ್ನು ತಾನೇ ತುಂಬುತ್ತದೆ. ಎರರ್‌ನ ಮೊಬೈಲ್ ಫೋಟೋ ಹಾಕಬೇಡಿ, ಪಠ್ಯವನ್ನೇ ಪೂರ್ತಿ ಕಾಪಿ ಮಾಡಿ ಹಾಕಿ. ಟ್ರೇಸ್‌ಬ್ಯಾಕ್‌ನ ಕೊನೆಯ ಸಾಲು ಬಿಟ್ಟುಹೋದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹೊರಗಿನ ಟರ್ಮಿನಲ್‌ನಲ್ಲಿ ಓಡಿಸಿದಾಗ ಏನಾಯಿತು ಅಂತ ಒಂದು ಸಾಲು ಸೇರಿಸಿ. ಕಳಿಸುವ ಮುಂಚೆ ಆ ಪಠ್ಯದಲ್ಲಿ ಪಾಸ್‌ವರ್ಡ್, ಟೋಕನ್, ಗ್ರಾಹಕರ ಹೆಸರು ಏನಾದರೂ ಉಳಿದಿದೆಯಾ ಅಂತ ಒಮ್ಮೆ ಮೇಲಿಂದ ಕೆಳಗೆ ಓದಿ.